ಮಿಠಿ ನದಿಯೂ ನಮ್ಮ ಖೋಲಿಯೂ

(ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಸಂಘಟನಾ ಕಾರ್ಯದರ್ಶಿಯವರು ಮಾಡಿದ ಭಾಷಣ)



ನಾನು ವಾಗ್ಮಿಯಲ್ಲ. ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ, ಎರಡು ವರ್ಷ ಅಲ್ಲಿ ಇಲ್ಲಿ ಕೂಲಿ ಮಾಡಿ, ಬಳಿಕ ಮುಂಬಯಿಯ ಬಸ್ಸು ಹತ್ತಿದವನು. ಕ್ಲೀನರನಾಗಿ, ಸಪ್ಲಾಯರನಾಗಿ, ಕೆಲವು ಕಾಲ ದೋಸೆಕಲ್ಲಿನ ಮುಂದೆಯೂ ನಿಂತವನು. ಈಗ ಸಂಘದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಆದುದರಿಂದ ನನ್ನ ಮಾತಿನಲ್ಲಿ ಅಲಂಕಾರವನ್ನು ತಾವು ನಿರೀಕ್ಷಿಸಬಾರದು.

ಇಂದಿನ ಸಭೆಗೆ ಮಿಠಿ ನದಿಯ ವಿಷಯವನ್ನು ಇಡಬೇಕೆಂದು ನಾನು ಸೂಚಿಸಿದಾಗ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬ ಹಿರಿಯರು, "ಸಂಬಳ, ಬೋನಸ್ಸು, ಪ್ರಾವಿಡೆಂಟ್ ಫಂಡು ಇವೆಲ್ಲ ಬಿಟ್ಟು ಇದೇನಪ್ಪಾ ನದಿ, ಗಿಡ, ಮರ? ಅದು ಶ್ರೀಮಂತರು ಬೆಳಿಗ್ಗೆ ತಿರುಗಾಡಲು ಹೋದಾಗ ಮಾತಾಡುವ ವಿಷಯವಲ್ಲವೆ?" ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇದೆ. ಅದಕ್ಕೆ ಉತ್ತರ ಹೇಳುವುದೇ ನನ್ನ ಇಂದಿನ ಭಾಷಣ.

ಮೊದಲು ಈ ನದಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡೋಣ. ನಮ್ಮಲ್ಲಿ ಅನೇಕರಿಗೆ ಅದು ಗಟಾರವಲ್ಲ, ನದಿ ಎಂಬುದೇ ತಿಳಿಯದು. ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ ಬಿದ್ದ ಮಳೆ ವಿಹಾರ ಸರೋವರಕ್ಕೆ ಇಳಿಯುತ್ತದೆ. 1860ರಲ್ಲಿ ಕಟ್ಟಿ ಮುಗಿಸಿದ ಈ ಸರೋವರವೇ ಮುಂಬಯಿಗೆ ಮೊದಲು ಕೊಳವೆಯ ನೀರನ್ನು ಕೊಟ್ಟದ್ದು. ಅದು ತುಂಬಿ ಹರಿದ ನೀರೂ ಪವಾಯಿ ಸರೋವರದಿಂದ ತುಂಬಿ ಹರಿದ ನೀರೂ ಕೂಡಿ ಮಿಠಿಯಾಗುತ್ತದೆ. ಸಾಕಿನಾಕಾ, ವಿಮಾನ ನಿಲ್ದಾಣದ ಅಡಿ, ಕುರ್ಲಾ, ಬಾಂದ್ರಾ-ಕುರ್ಲಾ ಸಂಕೀರ್ಣ, ಧಾರಾವಿ ಇವುಗಳನ್ನು ಹಾದು, ಸುಮಾರು 18 ಕಿಲೋಮೀಟರ್ ನಡೆದು, ಮಾಹಿಮ್ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತದೆ.

ಬಂಧುಗಳೇ, ನಾನೀಗ ಹೇಳಿದ ಹೆಸರುಗಳನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಸಾಕಿನಾಕಾ, ಕುರ್ಲಾ, ಧಾರಾವಿ. ಇವು ನಮ್ಮ ಸಂಘದ ಸದಸ್ಯರ ವಿಳಾಸಗಳಲ್ಲವೆ? ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿ ನಾವು ಖೋಲಿ ಹಿಡಿಯುತ್ತೇವೆ. ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿ ನೆಲವೂ ತಗ್ಗು. ನೆಲ ಎಲ್ಲಿ ತಗ್ಗೋ ನೀರು ಅಲ್ಲಿಗೇ ಬರುತ್ತದೆ. ನದಿಗೂ ನಮಗೂ ಇರುವ ಸಂಬಂಧ ಇಷ್ಟು ಸರಳವಾದದ್ದು.

2005ರ ಜುಲೈ 26ನೆಯ ತಾರೀಕನ್ನು ಇಲ್ಲಿ ಕುಳಿತ ಹಿರಿಯರು ಮರೆತಿರಲಾರರು. ಆ ದಿನ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 75 ಮಿಲಿಮೀಟರನ್ನೂ ಮುಟ್ಟಲಿಲ್ಲ. ಒಂದೇ ಶಹರದಲ್ಲಿ ಒಂದು ತುದಿ ನೆನೆಯಿತು, ಇನ್ನೊಂದು ತುದಿ ಮುಳುಗಿತು. ನಾನಾಗ ಕುರ್ಲಾದ ಒಂದು ಹೋಟೆಲಿನಲ್ಲಿ ಕ್ಲೀನರ್. ಹದಿನಾರು ವರ್ಷದ ಹುಡುಗ. ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದು ಹೋಗುವ ಹೊತ್ತಿಗೆ ನೀರು ಮೆಟ್ಟಿಲೇರಿತು. ಸಂಜೆಗೆ ಗಲ್ಲಾಪೆಟ್ಟಿಗೆಯ ಮೇಜು ಮುಳುಗಿತು. ನಾವು ಹುಡುಗರು ಅಟ್ಟದ ಮೇಲೆ ಎರಡು ರಾತ್ರಿ ಕಳೆದೆವು. ಊರಿಂದ ತಂದ ಟ್ರಂಕು, ಅದರೊಳಗಿನ ಶಾಲೆಯ ಸರ್ಟಿಫಿಕೇಟು, ಅಮ್ಮನಿಗೆ ಕಳಿಸಲು ಕೂಡಿಟ್ಟ ಹಣ, ಎಲ್ಲವೂ ಕೆಸರಾದವು. ಹದಿನೈದು ದಿನ ಹೋಟೆಲು ತೆರೆಯಲಿಲ್ಲ. ಆ ದಿನಗಳ ಸಂಬಳ ಕೇಳಿದಾಗ, "ಕೆಲಸವೇ ಇಲ್ಲದ ಮೇಲೆ ಸಂಬಳ ಯಾವುದು?" ಎಂಬ ಉತ್ತರ ಬಂತು.

ನಾವು ಬದುಕಿದೆವು. ಆ ಮಳೆಯಲ್ಲಿ ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದುದರಿಂದ ಹಿರಿಯರ ಪ್ರಶ್ನೆಗೆ ನನ್ನ ಮೊದಲನೆಯ ಉತ್ತರ ಇದು: ನದಿಯ ವಿಷಯವೇ ಸಂಬಳದ ವಿಷಯ. ಮಾಲಕರ ಅಂಗಡಿಗೆ ವಿಮೆ ಉಂಟು. ನಮ್ಮ ಟ್ರಂಕಿಗೆ ಯಾವ ವಿಮೆಯೂ ಇಲ್ಲ.

ಇಷ್ಟು ಮಳೆ ಬಂದರೆ ಯಾವ ಊರಾದರೂ ಮುಳುಗದೆ ಇದ್ದೀತೆ ಎಂದು ಕೇಳಬಹುದು. ನೀರು ಏರುತ್ತಿತ್ತು, ಸರಿ. ಆದರೆ ಇಷ್ಟು ಏರಬೇಕಾಗಿರಲಿಲ್ಲ, ಇಷ್ಟು ದಿನ ನಿಲ್ಲಬೇಕಾಗಿರಲಿಲ್ಲ. ನದಿಗೆ ಅದರದೇ ಆದ ಅಂಗಳವಿತ್ತು. ಈಗ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳು ನಿಂತಿರುವ ನೆಲ ಹಿಂದೆ ಉಪ್ಪುನೀರಿನ ಜೌಗು, ಕಾಂಡ್ಲಾ ಕಾಡು. 1970ರ ದಶಕದ ಕೊನೆಯಿಂದ ಅದನ್ನು ಮಣ್ಣು ತುಂಬಿ ಎತ್ತರಿಸುತ್ತ ಬಂದರು. ವಿಮಾನದ ಓಡುದಾರಿಗಾಗಿ ನದಿಯನ್ನು ಮೂಲೆಮಟ್ಟ ಹಿಡಿದಂತೆ ತಿರುಗಿಸಿದರು. ನೀರಿಗೆ ಮೂಲೆ ತಿರುಗುವ ಅಭ್ಯಾಸವಿಲ್ಲ. ಅದು ಅಲ್ಲಿಯೇ ನಿಲ್ಲುತ್ತದೆ, ಹೂಳು ಇಳಿಸುತ್ತದೆ, ಹಿಂದಕ್ಕೆ ಏರುತ್ತದೆ. ಶಹರದ ಹಳೆಯ ಮಳೆನೀರಿನ ಮೋರಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ ಕಟ್ಟಿದ್ದರು. ಅದೂ ಸಮುದ್ರದ ಇಳಿತದ ವೇಳೆಯ ಲೆಕ್ಕ. ಇದನ್ನು ಇಮ್ಮಡಿಗೊಳಿಸಬೇಕೆಂದು 1993ರ ಒಂದು ವರದಿಯಲ್ಲಿಯೇ ಸಲಹೆ ಮಾಡಿದ್ದರು. ಹನ್ನೆರಡು ವರ್ಷದ ಮೇಲೆ ಪ್ರಳಯ ಬಂದಾಗ ಆ ಕೆಲಸ ಮುಗಿದಿರಲಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ.

ಕಾಂಡ್ಲಾ ಎಂದರೆ ಏನೆಂದು ಕರಾವಳಿಯಿಂದ ಬಂದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲಿಯ ಮರಾಠಿಯಲ್ಲಿ ಖಾರಫುಟಿ ಎನ್ನುತ್ತಾರೆ. ನಮ್ಮ ಹೊಳೆಗಳ ಅಳಿವೆಗಳಲ್ಲಿ ಸಮುದ್ರದ ಉಬ್ಬರ ಏರಿದಾಗ ಆ ಗಿಡಗಳು ಸೊಂಟದವರೆಗೆ ನೀರಿನಲ್ಲಿ ನಿಂತಿರುವುದನ್ನು ನಾವು ಕಂಡಿದ್ದೇವೆ. ಕೆಸರಿನಿಂದ ಬೆರಳಿನಂತೆ ಮೇಲೆದ್ದ ಅದರ ಬೇರುಗಳು ಉಸಿರಾಡುತ್ತವೆ, ಮಣ್ಣನ್ನು ಹಿಡಿಯುತ್ತವೆ, ಅಲೆಯ ಬಿರುಸನ್ನು ಮುರಿಯುತ್ತವೆ. ಸಿಗಡಿ, ಏಡಿ, ಮೀನುಮರಿಗಳಿಗೆ ಅದೇ ತೊಟ್ಟಿಲು. ಅದನ್ನು ಕಡಿದರೆ ಮಾಹಿಮಿನ ಕೋಳಿ ಜನರ ಬಲೆಯೂ ಬರಿದಾಗುತ್ತದೆ, ನಮ್ಮ ಖೋಲಿಯೂ ನೆನೆಯುತ್ತದೆ.

ಪ್ರಳಯದ ಬಳಿಕ ಏನೂ ಆಗಲಿಲ್ಲವೆಂದು ನಾನು ಹೇಳುವುದಿಲ್ಲ. ಅದು ಅನ್ಯಾಯದ ಮಾತಾದೀತು. 2005ರಲ್ಲಿಯೇ ಮಾಧವರಾವ್ ಚಿತಳೆಯವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕುಳಿತಿತು. ಮಿಠಿ ನದಿಗಾಗಿಯೇ ಒಂದು ಪ್ರಾಧಿಕಾರವಾಯಿತು. ನದಿಯನ್ನು ಅಗಲ ಮಾಡಿದರು, ಆಳ ಮಾಡಿದರು, ದಡಕ್ಕೆ ಗೋಡೆ ಕಟ್ಟಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮುಂಬಯಿ ಹೈಕೋರ್ಟು ರಾಜ್ಯದಲ್ಲೆಲ್ಲ ಕಾಂಡ್ಲಾ ಕಡಿಯುವುದನ್ನು ನಿಲ್ಲಿಸಿತು. 2018ರ ಸೆಪ್ಟೆಂಬರಿನ ತೀರ್ಪಿನಲ್ಲಿ, ಕಾಂಡ್ಲಾ ನಾಶ ಮಾಡುವುದು ಪ್ರಜೆಯ ಬದುಕುವ ಹಕ್ಕಿಗೇ ಧಕ್ಕೆ ಎಂದು ಹೇಳಿತು. ಸಾರ್ವಜನಿಕ ಹಿತದ ಕಾಮಗಾರಿಗೆ ಕಡಿಯಲೇಬೇಕಾದರೂ ಹೈಕೋರ್ಟಿನ ಅಪ್ಪಣೆ ಬೇಕೆಂದು ವಿಧಿಸಿತು. ಇವು ಒಳ್ಳೆಯ ಕೆಲಸಗಳು. ಹೋರಾಡಿದವರಿಗೆ ನಮ್ಮ ವಂದನೆ.

ಆದರೆ ಗೋಡೆ ಕಟ್ಟುವುದು ಬೇರೆ, ನದಿಯನ್ನು ಉಳಿಸುವುದು ಬೇರೆ. ಇಂದಿಗೂ ಮಿಠಿಯ ದಂಡೆಯಲ್ಲಿ ಮೂಗು ಮುಚ್ಚದೆ ನಿಲ್ಲಲಾಗದು. ಮಲಿನ ನೀರು, ಕಾರಖಾನೆಯ ಎಣ್ಣೆ, ಪ್ಲಾಸ್ಟಿಕ್ಕು ಎಲ್ಲವೂ ಅದರೊಳಗೇ. ವರ್ಷವರ್ಷವೂ ಹೂಳೆತ್ತಿದರೆಂದು ಲೆಕ್ಕ ಬರೆಯುತ್ತಾರೆ. ಆ ಹೂಳಿನ ಲೆಕ್ಕದಲ್ಲಿಯೇ 65 ಕೋಟಿ ರೂಪಾಯಿಯ ವಂಚನೆ ನಡೆದಿದೆಯೆಂದು 2025ರ ಮೇ ತಿಂಗಳಲ್ಲಿ ಪೊಲೀಸರು ಮೊಕದ್ದಮೆ ಹೂಡಿದರು. ತಪ್ಪು ಯಾರದೆಂದು ನ್ಯಾಯಾಲಯ ಹೇಳಬೇಕು. ಅದನ್ನು ನಾನು ಹೇಳತಕ್ಕದ್ದಲ್ಲ. ಅದೇ ತಿಂಗಳ 26ರಂದು ಮಳೆಗಾಲ ಮುಂಬಯಿಗೆ ಹಿಂದೆಂದೂ ಇಲ್ಲದಷ್ಟು ಬೇಗ ಬಂತು. ವರಳಿಯ ಹೊಸ ಮೆಟ್ರೋ ನಿಲ್ದಾಣದೊಳಗೇ ನೀರು ನುಗ್ಗಿತು. ಮಳೆಯ ರೀತಿ ಬದಲಾಗುತ್ತಿದೆ. ಮೋರಿ ಹಿರಿದು ಮಾಡುವುದೊಂದರಿಂದಲೇ ಇದಕ್ಕೆ ಎದುರು ನಿಲ್ಲಲಾಗದು. ನೀರು ಇಂಗುವ ನೆಲ, ನೀರು ನಿಲ್ಲುವ ಕೆರೆ, ನೀರು ಹಬ್ಬುವ ಜೌಗು, ನೀರು ಹಿಡಿಯುವ ಮರ ಇವೆಲ್ಲವೂ ಬೇಕು.

ನಗರಸೇವಕರೇ, ಈಗ ತಮ್ಮಲ್ಲಿ ನೇರವಾಗಿ ಅರಿಕೆ ಮಾಡುತ್ತೇನೆ. 2022ರ ಮಾರ್ಚಿನಲ್ಲಿ ಹಿಂದಿನವರ ಅವಧಿ ಮುಗಿದ ಬಳಿಕ ಸುಮಾರು ನಾಲ್ಕು ವರ್ಷ ಈ ಶಹರದಲ್ಲಿ ಚುನಾಯಿತ ನಗರಸೇವಕರೇ ಇರಲಿಲ್ಲ. ನಮ್ಮ ದೂರನ್ನು ಹಿಡಿದು ಹೋಗಲು ಬಾಗಿಲಿರಲಿಲ್ಲ. 2026ರ ಜನವರಿಯಲ್ಲಿ ಚುನಾವಣೆ ನಡೆದು 227 ವಾರ್ಡುಗಳಿಗೂ ಜನರ ಪ್ರತಿನಿಧಿಗಳು ಬಂದರು. ಈಗ ಬಾಗಿಲು ತೆರೆದಿದೆ, ನಾವು ಬಂದಿದ್ದೇವೆ.

"ನದಿ, ಕಾಡು ಇವೆಲ್ಲ ರಾಜ್ಯ ಸರಕಾರದ ವಿಷಯ, ನಮ್ಮ ಕೈಯಲ್ಲಿ ಏನುಂಟು?" ಎಂದು ಹೇಳುವ ನಗರಸೇವಕರನ್ನು ನಾವು ನೋಡಿದ್ದೇವೆ. ತಾವು ಹಾಗೆ ಹೇಳಲಾರಿರೆಂದು ನಂಬಿದ್ದೇನೆ. 1992ರಲ್ಲಿ ಸಂವಿಧಾನಕ್ಕೆ ಮಾಡಿದ 74ನೆಯ ತಿದ್ದುಪಡಿಯಿಂದ ಹನ್ನೆರಡನೆಯ ಅನುಸೂಚಿ ಸೇರಿತು. ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಆ ಪಟ್ಟಿಯಲ್ಲಿ ರಸ್ತೆ, ನೀರು, ಕಸ ಇವುಗಳ ಜೊತೆಗೆ ನಗರದ ವನ ಮತ್ತು ಪರಿಸರದ ರಕ್ಷಣೆ ಎಂದು ಸ್ಪಷ್ಟವಾಗಿ ಬರೆದಿದೆ. 1975ರ ಮಹಾರಾಷ್ಟ್ರದ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಇರುವ ವೃಕ್ಷ ಪ್ರಾಧಿಕಾರದಲ್ಲಿ ನಗರಸೇವಕರಿಗೂ ಸ್ಥಾನವುಂಟು. ಮಹಾನಗರಪಾಲಿಕೆಯ 2025-26ರ ಬಜೆಟ್ಟು 74,427 ಕೋಟಿ ರೂಪಾಯಿ. ಅಧಿಕಾರವಿಲ್ಲ, ಹಣವಿಲ್ಲ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಕೈ ಎತ್ತುವುದರಿಂದ ಏನಾಗುತ್ತದೆ ಎಂಬುದಕ್ಕೆ ಆರೇ ಸಾಕ್ಷಿ. ಮಿಠಿಯ ಮೇಲ್ದಂಡೆಯಲ್ಲಿರುವ ಆರೇಯಲ್ಲಿ ಮೆಟ್ರೋ ಕಾರ್ ಶೆಡ್ಡಿಗಾಗಿ ಮರ ತೆಗೆಯಲು 2019ರ ಆಗಸ್ಟಿನಲ್ಲಿ ಅನುಮತಿ ಕೊಟ್ಟದ್ದು ಇದೇ ವೃಕ್ಷ ಪ್ರಾಧಿಕಾರ. ಅಕ್ಟೋಬರ್ 4ರಂದು ಹೈಕೋರ್ಟು ಅರ್ಜಿಗಳನ್ನು ವಜಾ ಮಾಡಿತು. ಆ ರಾತ್ರಿಯೇ ಗರಗಸ ಹತ್ತಿತು. 7ರಂದು ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರ ಬಿದ್ದಿದ್ದವು. ಮೆಟ್ರೋ ನಮಗೂ ಬೇಕು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವವರು ನಾವೇ. ಆದರೆ ಸಭೆಯಲ್ಲಿ ಒಂದು ಕೈ ಎತ್ತುವ ಮೊದಲು, ಆ ನೆಲದ ನೀರು ಇನ್ನು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರೊಬ್ಬರು ಅಲ್ಲಿ ಬೇಕು.

ನಮ್ಮ ಸಂಘದ ಬೇಡಿಕೆಗಳು ಐದು. ಹೆಚ್ಚು ಕೇಳಿದರೆ ಒಂದೂ ಸಿಗುವುದಿಲ್ಲವೆಂದು ಸಂಬಳದ ಮಾತುಕತೆಯಲ್ಲಿ ಕಲಿತಿದ್ದೇವೆ.

ಒಂದನೆಯದು. ಮಿಠಿಯ ದಂಡೆಯಲ್ಲಿ, ಜೌಗಿನಲ್ಲಿ ಇನ್ನು ಒಂದು ಬುಟ್ಟಿ ಮಣ್ಣೂ ಬೀಳಬಾರದು. ರಾತ್ರಿ ಲಾರಿಯಲ್ಲಿ ತಂದು ಕಟ್ಟಡದ ಒಡಕು ಸುರಿಯುವವರನ್ನು ತಡೆಯಲು ವಾರ್ಡಿನಲ್ಲಿಯೇ ಕಾವಲು ಇರಬೇಕು.

ಎರಡನೆಯದು. ಹೂಳೆತ್ತುವ ಲೆಕ್ಕವನ್ನು ಬಹಿರಂಗವಾಗಿ ಇಡಬೇಕು. ಎಷ್ಟು ಲಾರಿ, ಎಷ್ಟು ತೂಕ, ಎಲ್ಲಿ ಸುರಿದರು ಎಂಬುದನ್ನು ವಾರ್ಡು ಕಚೇರಿಯ ಹಲಗೆಯ ಮೇಲೆ ಮರಾಠಿಯಲ್ಲಿ ಬರೆದು ಹಾಕಬೇಕು. ನಮ್ಮ ಹೋಟೆಲಿನಲ್ಲಿ ಒಂದು ಇಡ್ಲಿಯ ಲೆಕ್ಕವೂ ತಪ್ಪುವ ಹಾಗಿಲ್ಲ. ಕೋಟಿಯ ಲೆಕ್ಕ ಹೇಗೆ ತಪ್ಪಬೇಕು?

ಮೂರನೆಯದು. ಮಲಿನ ನೀರು ನದಿಗೆ ಬೀಳುವ ಬಾಯಿಗಳನ್ನು ಒಂದೊಂದಾಗಿ ಎಣಿಸಿ ಶುದ್ಧೀಕರಣ ಕೇಂದ್ರದ ಕಡೆಗೆ ತಿರುಗಿಸಬೇಕು. ಧಾರಾವಿ, ಬಾಂದ್ರಾ ಸೇರಿ ಏಳು ಕಡೆ ಹೊಸ ಕೇಂದ್ರಗಳ ಕೆಲಸವನ್ನು ಪಾಲಿಕೆ ಕೈಗೆತ್ತಿಕೊಂಡಿದೆ. ಅದು ತಡವಾಗದಂತೆ ಸಭೆಯಲ್ಲಿ ಕೇಳುತ್ತಿರಬೇಕು.

ನಾಲ್ಕನೆಯದು. ಉಳಿದಿರುವ ಕಾಂಡ್ಲಾ ಉಳಿಯಬೇಕು. ಹೋದ ಕಡೆ ಮತ್ತೆ ಬರುವಂತೆ ಉಪ್ಪುನೀರಿನ ದಾರಿಯನ್ನು ಬಿಡಿಸಿಕೊಡಬೇಕು. ಉಬ್ಬರದ ನೀರು ಬಂದು ಹೋಗದ ಕಡೆ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರೆ ಆ ಸಸಿ ಒಣಗುತ್ತದೆ, ಫೋಟೋ ಮಾತ್ರ ಉಳಿಯುತ್ತದೆ.

ಐದನೆಯದು ಬಹಳ ಮುಖ್ಯವಾದದ್ದು. ನದಿಯನ್ನು ಉಳಿಸುವ ಹೆಸರಿನಲ್ಲಿ ದಂಡೆಯ ಬಡವರನ್ನು ಊರಾಚೆ ಎಸೆಯಬಾರದು. ಜೌಗನ್ನು ತುಂಬಿದವರಲ್ಲಿ ದೊಡ್ಡವರೂ ಇದ್ದಾರೆ. ತೆರವು ಮಾಡಿಸುವಾಗ ಜೋಪಡಿ ಮಾತ್ರ ಕಣ್ಣಿಗೆ ಬೀಳುತ್ತದೆ. ಎಬ್ಬಿಸಲೇಬೇಕಾದವರಿಗೆ ಅವರ ಕೆಲಸದ ಹತ್ತಿರವೇ ಮನೆ ಕೊಡಬೇಕು. ಬೆಳಿಗ್ಗೆ ಐದಕ್ಕೆ ಇಡ್ಲಿಯ ಒಲೆ ಹೊತ್ತಿಸುವವನು ಎರಡು ಗಂಟೆಯ ದಾರಿಯಿಂದ ಬರಲಾರ.

ಇದೆಲ್ಲ ಆಗುವ ಮಾತೇ ಎಂದು ಕೇಳುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ಚೊಂಗ್ಯೆಚೊನ್ ಎಂಬ ತೊರೆಯನ್ನು ಕಾಂಕ್ರೀಟಿನಿಂದ ಮುಚ್ಚಿ, ಅದರ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. ಲೀ ಮ್ಯುಂಗ್-ಬಾಕ್ ಎಂಬ ನಗರಾಧ್ಯಕ್ಷರು 2003ರಲ್ಲಿ ಆ ಹೆದ್ದಾರಿಯನ್ನೇ ಕೆಡವಲು ತೊಡಗಿ, 2005ರ ಅಕ್ಟೋಬರಿನಲ್ಲಿ ಸುಮಾರು 6 ಕಿಲೋಮೀಟರ್ ತೊರೆಯನ್ನು ಜನರಿಗೆ ಬಿಟ್ಟುಕೊಟ್ಟರು. ಇಲ್ಲಿ ಮಿಠಿ ನಮ್ಮನ್ನು ಮುಳುಗಿಸಿದ ವರ್ಷವೇ ಅದು. ಅಲ್ಲಿಯ ನೀರನ್ನು ಬಹುಮಟ್ಟಿಗೆ ಪಂಪು ಮಾಡಿ ತರುತ್ತಾರೆ ಎಂಬ ಟೀಕೆಯೂ ಉಂಟು. ಆ ಮನುಷ್ಯ ಮುಂದೆ ದೇಶದ ಅಧ್ಯಕ್ಷರಾಗಿ, ಬಳಿಕ ಲಂಚದ ಮೊಕದ್ದಮೆಯಲ್ಲಿ ಶಿಕ್ಷೆಗೆ ಗುರಿಯಾದದ್ದೂ ಉಂಟು. ಆದರೂ ಹೆದ್ದಾರಿಯನ್ನು ತೆಗೆದು ತೊರೆಯನ್ನು ತರಲು ಒಂದು ನಗರದ ಆಡಳಿತಕ್ಕೆ ಸಾಧ್ಯವೆಂಬುದು ಸಿದ್ಧವಾಯಿತು.

ಎರಡನೆಯದು ನಮ್ಮ ರಾಜ್ಯದ್ದೇ. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಕೈಕೊಂಡ್ರಹಳ್ಳಿ ಕೆರೆ ಕೊಳಚೆಯಾಗಿ ಸಾಯುತ್ತಿತ್ತು. ಸುತ್ತಲಿನ ನಿವಾಸಿಗಳು ನಗರಪಾಲಿಕೆಯ ಬೆನ್ನು ಬಿಡದೆ, ಅದರ ಜೊತೆಗೇ ನಿಂತು, ಕೆಲವೇ ವರ್ಷಗಳಲ್ಲಿ ಅದನ್ನು ಬದುಕಿಸಿದರು. ಹಕ್ಕಿಗಳು ಮರಳಿ ಬಂದವು. ಬೆಂಗಳೂರಿನ ಎಲ್ಲ ಕೆರೆಗಳ ಭಾಗ್ಯವೂ ಹೀಗಿಲ್ಲ. ಬೆನ್ನು ಹತ್ತಿದ ಕಡೆ ಕೆರೆ ಉಳಿಯಿತು ಎಂಬುದಷ್ಟೇ ಪಾಠ.

ಕಾರ್ಮಿಕ ಬಂಧುಗಳೇ, ನಗರಸೇವಕರಿಗೆ ಹೇಳಿದ್ದಾಯಿತು. ಈಗ ನಮ್ಮ ಪಾಲಿನ ಮಾತು. ನಾವು ಊರಿನವರು. ನಾಗಬನಕ್ಕೆ ಕತ್ತಿ ಹಾಕಬಾರದೆಂದು ತಿಳಿದು ಬೆಳೆದವರು. ಮಳೆಗಾಲ ಕಳೆದ ಮೇಲೆ ಊರವರೆಲ್ಲ ಸೇರಿ ತೋಡಿಗೆ ಮಣ್ಣಿನ ಕಟ್ಟ ಕಟ್ಟಿ ನೀರು ನಿಲ್ಲಿಸುತ್ತಿದ್ದುದನ್ನು ಕಂಡವರು. ಅಲ್ಲಿ ನೀರು ಎಲ್ಲರದು, ಕೆಲಸವೂ ಎಲ್ಲರದು. ಘಾಟಿ ಇಳಿದು, ರೈಲು ಹತ್ತಿ ಈ ಶಹರಕ್ಕೆ ಬಂದೊಡನೆ ಆ ಬುದ್ಧಿಯನ್ನು ಊರಿನಲ್ಲೇ ಬಿಟ್ಟು ಬರಬೇಕೆ?

ಹೋಟೆಲಿನ ಮೋರಿಗೆ ಜಿಡ್ಡು, ಮುಸುರೆ ಹೋಗದಂತೆ ಜಾಲರಿಯನ್ನೂ ಜಿಡ್ಡು ಹಿಡಿಯುವ ತೊಟ್ಟಿಯನ್ನೂ ಇಡಬೇಕೆಂದು ಪ್ರತಿ ಹೋಟೆಲಿನಲ್ಲಿ ನಮ್ಮ ಸದಸ್ಯರು ಮಾಲಕರನ್ನು ಕೇಳಬೇಕು. ತೊಟ್ಟಿ ತೊಳೆಯುವ ಹುಡುಗನಿಗೆ ಕೈಗವುಸು ಕೊಡಿಸಬೇಕು. ಆ ಕೆಲಸವೂ ಅವನ ಪಾಳಿಯ ಗಂಟೆಯೊಳಗೇ ಆಗಬೇಕು. ಪ್ರತಿ ಶಾಖೆಯೂ ತನ್ನ ವಾರ್ಡಿನ ನಾಲಾ ಎಲ್ಲಿ ಕಟ್ಟಿದೆ, ಎಲ್ಲಿ ಮಣ್ಣು ಬೀಳುತ್ತಿದೆ ಎಂದು ಮಳೆಗಾಲಕ್ಕೆ ಮುಂಚೆ ಬರೆದು ನಗರಸೇವಕರಿಗೆ ಮುಟ್ಟಿಸಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಉಂಟು. ಕೇಳುವುದಕ್ಕೆ ಏಳನೆಯ ತರಗತಿ ಸಾಕು; ನಾನೇ ಬರೆದುಕೊಡುತ್ತೇನೆ.

ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಬಹುಮಂದಿಯ ಹೆಸರು ಇಂದಿಗೂ ಊರಿನ ಮತದಾರರ ಪಟ್ಟಿಯಲ್ಲಿದೆ. ಇಪ್ಪತ್ತು ವರ್ಷ ಇಲ್ಲಿ ದುಡಿದರೂ ಇಲ್ಲಿ ನಮ್ಮ ಮತವಿಲ್ಲ. ಮತವಿಲ್ಲದವನ ಖೋಲಿಗೆ ನೀರು ನುಗ್ಗಿದರೆ ಯಾರಿಗೆ ನಷ್ಟ? ಯಾರು ಇಲ್ಲಿಯೇ ಸಂಸಾರ ಹೂಡಿ ನೆಲಸಿದ್ದಾರೋ ಅವರು ಊರಿನ ಪಟ್ಟಿಯಿಂದ ಹೆಸರು ಬಿಡಿಸಿ ಇಲ್ಲಿ ನೋಂದಾಯಿಸಿಕೊಳ್ಳಬೇಕು. ಆಗ ನಮ್ಮ ಅರ್ಜಿಯ ಕಾಗದ ತುಸು ದಪ್ಪವಾಗುತ್ತದೆ.

ನಗರಸೇವಕರೇ, ತಮ್ಮ ಅವಧಿ ಐದು ವರ್ಷ. ಐದು ಮಳೆಗಾಲ. ಕಾಂಡ್ಲಾದ ಸಸಿ ಮೊಣಕಾಲಿನಿಂದ ಹೆಗಲೆತ್ತರಕ್ಕೆ ಬೆಳೆಯಲು ಅಷ್ಟು ಸಮಯ ಸಾಕು. ಈ ಐದು ಬೇಡಿಕೆಗಳನ್ನು ಮರಾಠಿಯಲ್ಲಿ ಬರೆಸಿ, ಸದಸ್ಯರೆಲ್ಲರ ರುಜು ಹಾಕಿಸಿ ತಂದಿದ್ದೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಹಾರದ ಜೊತೆಗೆ ಇದನ್ನೂ ಸ್ವೀಕರಿಸಬೇಕು. ಹಾರ ನಾಳೆ ಬಾಡುತ್ತದೆ. ಈ ಕಾಗದವನ್ನು ಮುಂದಿನ ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲದ ಬಳಿಕ ಒಮ್ಮೆ ತೆಗೆದು ಓದಬೇಕು. ಮುಂದಿನ ವಾರ್ಷಿಕ ಸಭೆಗೂ ತಮ್ಮನ್ನು ಕರೆಯುತ್ತೇವೆ. ಐದರಲ್ಲಿ ಎಷ್ಟು ಆಯಿತು, ಎಷ್ಟು ಆಗಲಿಲ್ಲ, ಏಕೆ ಆಗಲಿಲ್ಲ ಎಂಬುದನ್ನು ಇದೇ ವೇದಿಕೆಯಿಂದ ತಾವು ಹೇಳಬೇಕು. ಆದುದಕ್ಕೆ ಚಪ್ಪಾಳೆ ತಟ್ಟುತ್ತೇವೆ. ಆಗದುದಕ್ಕೆ ತಮ್ಮ ಜೊತೆಗೆ ಪಾಲಿಕೆಯ ಕಚೇರಿಯವರೆಗೆ ನಡೆದು ಬರುತ್ತೇವೆ.